ನಸುಕಿನ ಪೇಟೆ: ಆ ಮೌನ ಯಾರದು?

ಬೆಂಗಳೂರಿನ ಹಳಬರ ಮಾತಿನಲ್ಲಿ ಎರಡು ಸಂಗತಿ ತಪ್ಪದೆ ಬರುತ್ತವೆ. ಒಂದು, ಫ್ಯಾನೇ ಇಲ್ಲದ ಮನೆಗಳು. ಇನ್ನೊಂದು, ಬೆಳಗಿನ ಜಾವದ ಖಾಲಿ ರಸ್ತೆಗಳು. ಮಹಾತ್ಮ ಗಾಂಧಿ ರಸ್ತೆಯ ಈ ತುದಿಯಲ್ಲಿ ನಿಂತರೆ ಆ ತುದಿಯಿಂದ ಬರುವ ಸೈಕಲ್ ಕಾಣುತ್ತಿತ್ತು, ಕಬ್ಬನ್ ಪಾರ್ಕಿನಲ್ಲಿ ಎಲೆ ಬಿದ್ದರೂ ಕೇಳಿಸುತ್ತಿತ್ತು, ಊರ ನಡುವೆ ಅಷ್ಟು ನಿಶ್ಶಬ್ದ ಇತ್ತೆಂದರೆ ಈಗಿನ ಹುಡುಗರು ನಂಬುವುದಿಲ್ಲ ಎಂದು ಮಾತು ಮುಂದುವರಿಯುತ್ತದೆ. ಇದನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕಬೇಕಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಊರ ನಡು ಎನ್ನುತ್ತಿರುವುದು ಯಾವುದನ್ನು ಎಂದು ಕೇಳಬೇಕು. ಕಬ್ಬನ್ ಪಾರ್ಕಿನಿಂದ ಪಶ್ಚಿಮಕ್ಕೆ ಒಂದೆರಡು ಕಿಲೋಮೀಟರ್ ನಡೆದರೆ ಸಿಗುವ ಹಳೇಪೇಟೆಯಲ್ಲಿ ಅದೇ ಹೊತ್ತಿಗೆ ಅರ್ಧ ದಿನದ ವ್ಯಾಪಾರ ಮುಗಿದಿರುತ್ತಿತ್ತು. ಬೆಂಗಳೂರಿನ ನಡುಭಾಗ ಬೆಳಗಿನ ಜಾವ ಎಂದೂ ಮೌನವಾಗಿರಲಿಲ್ಲ. ಉಳಿದ ಊರು ಮಲಗಿದ್ದಾಗ ಎದ್ದು ಕೂತಿರುತ್ತಿದ್ದದ್ದೇ ಅದು. ಕಳೆದುಹೋಗಿರುವುದು ಬೇರೇನೋ. ಅದು ಏನೆಂದು ಸರಿಯಾಗಿ ಗುರುತಿಸದೆ ಹೋದರೆ, ಮೌನವನ್ನು ಮರಳಿ ತರುತ್ತೇವೆಂದು ಪೇಟೆಯನ್ನೇ ಎತ್ತಂಗಡಿ ಮಾಡುವ ಸಲಹೆಗಳಿಗೆ ನಾವು ಸುಮ್ಮನೆ ತಲೆಯಾಡಿಸಿಬಿಡುತ್ತೇವೆ.

ಬೆಂಗಳೂರಿಗೆ ನಡು ಎನ್ನುವಂಥದ್ದು ಒಂದಲ್ಲ, ಎರಡು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಪೇಟೆ ಒಂದು. ದೊಡ್ಡಪೇಟೆ, ಚಿಕ್ಕಪೇಟೆಗಳ ಕೂಡುದಾರಿಯ ಸುತ್ತ ಅದು ಬೆಳೆಯಿತು. ಬ್ರಿಟಿಷರು 1809ರಲ್ಲಿ ಪೇಟೆಯ ಪೂರ್ವಕ್ಕೆ ಹೂಡಿದ ದಂಡು ಇನ್ನೊಂದು. ಎರಡರ ನಡುವೆ ಬಯಲು ಬಿಟ್ಟದ್ದು ಆಕಸ್ಮಿಕವಲ್ಲ. ಆ ಬಯಲಿನಲ್ಲಿ 1868ರ ಹೊತ್ತಿಗೆ ಅಠಾರ ಕಚೇರಿ ಎದ್ದಿತು, 1870ರಲ್ಲಿ ಕಬ್ಬನ್ ಪಾರ್ಕ್ ಬಂತು. 1949ರವರೆಗೆ ಇವೆರಡಕ್ಕೂ ಬೇರೆ ಬೇರೆ ಪುರಸಭೆಗಳೇ ಇದ್ದವು. ಇವತ್ತಿನ ಎಂ.ಜಿ. ರಸ್ತೆ ಆಗ ಸೌತ್ ಪೆರೇಡ್, ಅಂದರೆ ಕವಾಯತು ಮೈದಾನದ ದಕ್ಷಿಣದಂಚು. ಒಂದು ಪಕ್ಕಕ್ಕೆ ಸಿಪಾಯಿಗಳ ಬಯಲು, ಇನ್ನೊಂದು ಪಕ್ಕಕ್ಕೆ ಕಾಂಪೌಂಡಿನೊಳಗೆ ದೂರ ದೂರ ಕೂತ ಬಂಗಲೆಗಳು, ತಡವಾಗಿ ಬಾಗಿಲು ತೆರೆಯುವ ಅಂಗಡಿಗಳು. ಇಂಥ ಕಡೆ ಬೆಳಗ್ಗೆ ಐದಕ್ಕೆ ಸದ್ದಿಲ್ಲದಿದ್ದರೆ ಅದರಲ್ಲಿ ಆಶ್ಚರ್ಯವೇನು? ಆ ಮೌನ ಪ್ರಕೃತಿ ಕೊಟ್ಟದ್ದಲ್ಲ, ಏರ್ಪಾಡು ಮಾಡಿಸಿಕೊಂಡದ್ದು. ದನಿ ಮಾಡುವ ಕೆಲಸಗಳೆಲ್ಲ ಬೇರೆ ಕಡೆ ನಡೆಯುವಂತೆ ನೋಡಿಕೊಂಡದ್ದರಿಂದ ಅಲ್ಲಿ ಸದ್ದಿರಲಿಲ್ಲ. ದಂಡಿನೊಳಗೂ ಅದು ಎಲ್ಲರ ಪಾಲಿಗಿರಲಿಲ್ಲ ಎನ್ನಿ. ಬಂಗಲೆಗಳಿಗೆ ಮಾಂಸ, ಮೀನು, ತರಕಾರಿ ಹೊಂದಿಸಿಕೊಡುತ್ತಿದ್ದ ಇವತ್ತಿನ ಶಿವಾಜಿನಗರದ ಭಾಗ, ಅಲ್ಲಿನ ರಸೆಲ್ ಮಾರ್ಕೆಟ್ ಸುತ್ತಲಿನ ಬೀದಿಗಳು ಬಂಗಲೆಗಳು ಕಣ್ಣು ಬಿಡುವ ಮೊದಲೇ ಎಚ್ಚರಗೊಳ್ಳುತ್ತಿದ್ದವು.

ನೆನಪು ಹೇಳುವ ಹೆಚ್ಚಿನ ಕನ್ನಡಿಗರು ದಂಡಿನವರೂ ಅಲ್ಲವಲ್ಲ ಎಂದು ಕೇಳಬಹುದು. ನಿಜ. ಅವರಲ್ಲಿ ಬಹಳಷ್ಟು ಮಂದಿ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯವರು. ಅದಕ್ಕೂ ಒಂದು ಚರಿತ್ರೆಯಿದೆ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಹಬ್ಬಿದಾಗ ಅನುಕೂಲವಿದ್ದವರು ಹೊಸ ಬಡಾವಣೆಗಳಿಗೆ ಹೊರಟರು. ಅಗಲ ರಸ್ತೆ, ಸಾಲುಮರ, ಮನೆಯ ಹಿಂದೆ ಬಾವಿ, ಹಿತ್ತಿಲಲ್ಲಿ ಕರಿಬೇವು. ಪೇಟೆಯಲ್ಲಿ ಉಳಿದವರು ಅಲ್ಲೇ ಕಸುಬು ಇದ್ದವರು, ಬಾಡಿಗೆ ಕೋಣೆಯ ಕೂಲಿಗಳು, ಅಂಗಡಿಯ ಮೇಲೆಯೇ ಮನೆ ಮಾಡಿಕೊಂಡಿದ್ದ ವರ್ತಕರು. ಬರೆಯುವ, ನೆನಪುಗಳನ್ನು ಅಚ್ಚು ಹಾಕಿಸುವ ವರ್ಗ ಹೀಗೆ ಪೇಟೆಯಿಂದ ಒಂದು ತಲೆಮಾರು ದೂರ ಸರಿಯಿತು. ಆಮೇಲೆ ಅವರು ನಸುಕಿನ ಪೇಟೆಯನ್ನು ನೋಡಿದ್ದು ಊರಿಗೆ ಹೋಗುವ ರೈಲು ಹಿಡಿಯುವಾಗ, ಜಟಕಾದಲ್ಲಿ ಕೂತು, ನಿದ್ದೆಗಣ್ಣಿನಲ್ಲಿ. ನಮ್ಮ ಸಾಹಿತ್ಯದಲ್ಲಿ ನಸುಕಿನ ಬೆಂಗಳೂರು ಎಂದರೆ ಪಾರಿಜಾತ ಮತ್ತು ರಂಗೋಲಿ ಆಗಿರುವುದಕ್ಕೆ, ಗೋಣಿಚೀಲ ಮತ್ತು ಬೆವರು ಆಗದಿರುವುದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ.

ಇನ್ನು ಪೇಟೆಯ ಸದ್ದಿಗೆ ಬರೋಣ. ಕಸುಬಿಗೊಂದು ಕೇರಿ ಎಂಬ ಲೆಕ್ಕದಲ್ಲಿ ಕಟ್ಟಿದ ಊರು ಅದು. ಗಾಣಿಗರಪೇಟೆ, ಕುಂಬಾರಪೇಟೆ, ಬಳೇಪೇಟೆ, ಅರಳೆಪೇಟೆ, ಅಕ್ಕಿಪೇಟೆ, ತರಗುಪೇಟೆ, ನಗರ್ತಪೇಟೆ, ತಿಗಳರಪೇಟೆ. ಹೆಸರುಗಳು ಸುಮ್ಮನೆ ಬೋರ್ಡಿಗಾಗಿ ಇಟ್ಟವಲ್ಲ. ಗಾಣ ತಿರುಗುವ ಕೇರಿಯ ಸದ್ದು ಬೇರೆ, ಅಕ್ಕಿಮೂಟೆ ಇಳಿಯುವ ಕೇರಿಯದು ಬೇರೆ. ಕಬ್ಬನ್‌ಪೇಟೆಯ ದೇವಾಂಗರ ಮನೆಗಳಲ್ಲಿ ಮಗ್ಗದ ಸದ್ದು ಕೇಳಿದರೆ ಕಣ್ಣು ಕಟ್ಟಿಕೊಂಡಿದ್ದರೂ ಯಾವ ಬೀದಿಯಲ್ಲಿದ್ದೇವೆಂದು ಹೇಳಬಹುದಿತ್ತು. ಮುಂದೆ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದಾಗ ಆ ಸದ್ದು ಇನ್ನೂ ಗಟ್ಟಿಯಾಯಿತು, ಬೇಗ ಬೇಗ ಆಯಿತು. ತರಗುಪೇಟೆಗೆ ಧಾನ್ಯ ತರುವ ಗಾಡಿಗಳು ಬೆಳಕು ಹರಿಯುವ ಮೊದಲೇ ಊರು ಮುಟ್ಟುತ್ತಿದ್ದವು, ಎತ್ತಿನ ಕೊರಳ ಗಂಟೆ, ಕಬ್ಬಿಣದ ಪಟ್ಟಿ ಹೊಡೆದ ಚಕ್ರ ಕಲ್ಲಿನ ಮೇಲೆ ಉರುಳುವ ಗಡಗಡ, ಗಾಡಿಯವನ ಗದರಿಕೆ ಎಲ್ಲ ಒಟ್ಟಿಗೆ. ಇನ್ನು ಧರ್ಮರಾಯನ ಗುಡಿಯ ಕರಗ. ಚೈತ್ರ ಪೌರ್ಣಮಿಯ ರಾತ್ರಿ ಗುಡಿಯಿಂದ ಹೊರಟ ಕರಗ ಪೇಟೆಯ ಬೀದಿ ಬೀದಿ ಸುತ್ತಿ, ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ, ಗುಡಿಗೆ ಮರಳುವಷ್ಟರಲ್ಲಿ ಬೆಳಗಾಗಿರುತ್ತದೆ. ವರ್ಷದ ದೊಡ್ಡ ಹಬ್ಬವನ್ನೇ ನಡುರಾತ್ರಿ ಮತ್ತು ನಸುಕಿನ ನಡುವೆ ಇಟ್ಟುಕೊಂಡ ಊರು ಆ ಹೊತ್ತನ್ನು ಮೌನಕ್ಕೆ ಬಿಟ್ಟುಕೊಟ್ಟಿತ್ತು ಎಂದು ಹೇಗೆ ಹೇಳುವುದು?

ಸಿದ್ದಿಕಟ್ಟೆ ಕೆರೆಯಂಗಳದಲ್ಲಿ ಎದ್ದ ಕೃಷ್ಣರಾಜ ಮಾರುಕಟ್ಟೆ ಈ ಎಲ್ಲಕ್ಕೂ ಇವತ್ತಿಗೂ ನಿಂತಿರುವ ಸಾಕ್ಷಿ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಮೊದಲು ಹೊತ್ತಿಕೊಂಡದ್ದು ಈ ಸುತ್ತಿನಲ್ಲೇ. ರಾತ್ರಿ ಕೆಲಸ ನಡೆಯುವ ಜಾಗಕ್ಕೆ ಮೊದಲು ದೀಪ ಸಿಕ್ಕಿತು. ಅಲ್ಲಿನ ಹೂವಿನ ಸಾಲು ರಾತ್ರಿ ಎರಡು ಮೂರರ ಹೊತ್ತಿಗೇ ಶುರು. ಚಿಕ್ಕಬಳ್ಳಾಪುರ, ಕೋಲಾರ, ದೊಡ್ಡಬಳ್ಳಾಪುರ, ಹೊಸೂರು ಕಡೆಯಿಂದ ಬಂದ ಮೂಟೆಗಳ ಬಾಯಿ ಬಿಚ್ಚಿ ಸೇವಂತಿಗೆ, ಚೆಂಡುಹೂವನ್ನು ನೆಲದ ಮೇಲೆ ಹರಡಿದ ಒದ್ದೆ ಗೋಣಿಗೆ ಸುರಿಯುತ್ತಾರೆ. ಪಕ್ಕದಲ್ಲೇ ಕನಕಾಂಬರ, ಸುಗಂಧರಾಜ, ಕಾಕಡ, ಅಂಚಿಗೆ ಮರುಗ ಮತ್ತು ದವನದ ಕಟ್ಟು. ಕಟ್ಟಿದ ಸೇವಂತಿಗೆ ಮಾರಿನ ಲೆಕ್ಕ, ಮಲ್ಲಿಗೆ ಮೊಳದ ಲೆಕ್ಕ, ಬಿಡಿ ಹೂವು ಕೇಜಿ ಲೆಕ್ಕ. ತಲೆಗೆ ಸಿಂಬಿ ಇಟ್ಟು ಮೂಟೆ ಹೊತ್ತ ಹಮಾಲಿಗೆ ನಿಲ್ಲಲು ಪುರಸೊತ್ತಿಲ್ಲ, ಕತ್ತು ತಿರುಗಿಸುವ ಹಾಗಿಲ್ಲ. ‘ದಾರಿ, ದಾರಿ’ ಎಂಬ ಕೂಗೇ ಅವನ ಹಾರ್ನು, ಆ ಕೂಗು ಬಂದ ದಿಕ್ಕು ನೋಡಿ ಜನ ಅಕ್ಕಪಕ್ಕಕ್ಕೆ ಸರಿಯುತ್ತಾರೆ. ದರ ಕೂಗುವುದು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ. ಒಂದು ಬದಿಗೆ ಜಾಮಿಯಾ ಮಸೀದಿಯ ಆಜಾನ್, ಇನ್ನೊಂದು ಬದಿಗೆ ಕೋಟೆ ವೆಂಕಟರಮಣನ ಗುಡಿಯ ಗಂಟೆ. ಸೂರ್ಯ ಹುಟ್ಟುವಷ್ಟರಲ್ಲಿ ದರ ಇಳಿಯತೊಡಗುತ್ತದೆ, ಬಾಡುವ ಮಾಲಿಗೆ ಕಾಯುವ ವ್ಯವಧಾನ ಇಲ್ಲ. ಮಲ್ಲೇಶ್ವರದ ದೇವರಮನೆಯಲ್ಲಿ ಆರೂವರೆಗೆ ಹೂವು ಏರುವುದು ಇಲ್ಲಿ ಮೂರಕ್ಕೆ ಗದ್ದಲವಾದದ್ದರಿಂದ. ಅಲ್ಲಿನ ಪ್ರಶಾಂತ ಬೆಳಗಿಗೂ ಇಲ್ಲಿನ ಗದ್ದಲಕ್ಕೂ ಇರುವ ನಂಟು ನಮ್ಮ ನೆನಪಿನ ಬರಹಗಳಲ್ಲಿ ಕಾಣಿಸುವುದೇ ಇಲ್ಲ.

ಮಾರುಕಟ್ಟೆಯೊಂದೇ ಅಲ್ಲ. ಅರಳೆಪೇಟೆಯ ಆಚೆ 1884ರಲ್ಲಿ ಶುರುವಾದ ಬಿನ್ನಿ ಮಿಲ್ಲು, ಅದರ ಜೊತೆಗೆ ಮಿನರ್ವ, ರಾಜಾ ಮೊದಲಾದ ಮಿಲ್ಲುಗಳು. ಅವುಗಳ ಸೈರನ್ ಸುತ್ತಲಿನ ಕೇರಿಗಳಿಗೆ ಗಡಿಯಾರವೂ ಆಗಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಂದ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಮೊದಲ ಪಾಳಿಯವರನ್ನು ಕರೆದೊಯ್ಯಲು ಊರ ತುಂಬ ಬಸ್ಸು ಬಿಟ್ಟವು. ಧರ್ಮಾಂಬುಧಿ ಕೆರೆ ಬತ್ತಿದ ಜಾಗದ ಮೆಜೆಸ್ಟಿಕ್ ನಿಲ್ದಾಣಕ್ಕೆ ರಾತ್ರಿಯಿಡೀ ಓಡಿದ ಬಸ್ಸುಗಳು ಬಂದು ಸೇರುವುದೇ ನಾಲ್ಕರಿಂದ ಆರರೊಳಗೆ. ಪತ್ರಿಕೆ ಹಂಚುವ ಹುಡುಗರು ಕಟ್ಟು ಬಿಚ್ಚುವುದು, ಹಾಲಿನ ಕ್ರೇಟು ಇಳಿಯುವುದು ಆಗಲೇ. ಮೌನಕ್ಕೆ ಹೆಸರಾದ ಎಂ.ಜಿ. ರಸ್ತೆಯಲ್ಲೂ 1948ರಿಂದ ‘ಡೆಕ್ಕನ್ ಹೆರಾಲ್ಡ್’, ‘ಪ್ರಜಾವಾಣಿ’ ಪತ್ರಿಕೆಗಳ ಮನೆ ಇತ್ತು ಎಂಬುದನ್ನು ಮರೆಯಬಾರದು. ಊರು ಓದುವ ಸುದ್ದಿ ರಾತ್ರಿ ಎದ್ದಿರುವವರ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ ಬಲವಾದ ಒಂದು ಆಕ್ಷೇಪ ಉಳಿಯುತ್ತದೆ. ಪೇಟೆಯಲ್ಲೇ ಹುಟ್ಟಿ ಬೆಳೆದವರೂ ಆಗ ಪ್ರಶಾಂತವಾಗಿತ್ತು, ಈಗ ಕಿವಿ ಕೀಳುತ್ತದೆ ಎನ್ನುತ್ತಾರೆ. ಅವರು ಜಟಕಾದಲ್ಲಿ ಹಾದುಹೋದವರಲ್ಲ. ಅವರ ಮಾತಿಗೆ ಏನು ಹೇಳುವುದು? ಅವರು ಏನನ್ನು ನೆನೆಯುತ್ತಾರೆ ಎಂದು ಗಮನಿಸಬೇಕು. ದೂರದ ರೈಲಿನ ಸಿಳ್ಳು, ಹಾಲಿನವನ ಸೈಕಲ್ ಬೆಲ್ಲು, ಯಾರದೋ ಮನೆಯ ರೇಡಿಯೊ ಸುಪ್ರಭಾತ, ಮಿಲ್ಲಿನ ಸೈರನ್, ಬೀದಿ ನಲ್ಲಿಯಲ್ಲಿ ಕೊಡ ತುಂಬುವುದು. ಮೌನದ ನೆನಪೆಂದು ಅವರು ಕೊಡುವ ಪಟ್ಟಿ ಪೂರ್ತಿ ಸದ್ದುಗಳದ್ದು. ವ್ಯತ್ಯಾಸ ಏನೆಂದರೆ ಆ ಒಂದೊಂದು ಸದ್ದಿಗೂ ಒಬ್ಬ ವಾರಸುದಾರ ಇದ್ದ, ಒಂದು ವಿಳಾಸ ಇತ್ತು. ಶುರುವಾಗುತ್ತಿತ್ತು, ನಿಲ್ಲುತ್ತಿತ್ತು, ನಡುವೆ ತೆರಪು ಬಿಡುತ್ತಿತ್ತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನ ಚಳಿಗಾಲದ ನಸುಕು ಅದಕ್ಕೆ ಇನ್ನಷ್ಟು ಒತ್ತಾಸೆ ಕೊಡುತ್ತಿತ್ತು. ರಾತ್ರಿ ನೆಲ ತಣ್ಣಗಾದಾಗ ನೆಲಕ್ಕಂಟಿದ ಗಾಳಿ ತಂಪಾಗಿ, ಮೇಲಿನದು ತುಸು ಬೆಚ್ಚಗಿರುತ್ತದೆ. ಆಗ ಮೇಲಕ್ಕೆ ಹೊರಟ ಸದ್ದು ಬಾಗಿ ಕೆಳಕ್ಕೇ ಇಳಿದು ಬಹುದೂರ ಸಾಗುತ್ತದೆ. ಹಗಲಲ್ಲಿ ಕೇಳದ ರೈಲು ನಸುಕಿನಲ್ಲಿ ಕೇಳುವುದು ಹೀಗೆ. ಕೆನಡಾದ ಸಂಗೀತಗಾರ ಮರ್ರೆ ಶೇಫರ್ 1970ರ ದಶಕದಲ್ಲಿ ನಗರಗಳ ಸದ್ದನ್ನು ಅಭ್ಯಾಸ ಮಾಡುತ್ತ ಇದೇ ಭೇದವನ್ನು ಎತ್ತಿ ತೋರಿಸಿದ್ದರು. ಹಿನ್ನೆಲೆಯ ಗುಂಯ್‌ಗುಡುವಿಕೆ ಕಡಿಮೆ ಇರುವ ಕಡೆ ಸಣ್ಣ ಸದ್ದೂ ಬಿಡಿಯಾಗಿ ಕೇಳುತ್ತದೆ, ಅದು ಏರಿದ ಕಡೆ ಎಲ್ಲವೂ ಕಲಸಿಹೋಗುತ್ತದೆ ಎಂಬುದು ಅವರ ವಾದ. ಪೇಟೆಯವರು ಕಳೆದುಕೊಂಡದ್ದು ಈ ಬಿಡಿತನವನ್ನು.

ಇದಕ್ಕೆ ಜನಸಂಖ್ಯೆಯೇ ಕಾರಣ, ಮಾಡುವುದೇನೂ ಇಲ್ಲ ಎನ್ನುವವರಿದ್ದಾರೆ. 1951ರಲ್ಲಿ ಎಂಟು ಲಕ್ಷ ಮುಟ್ಟದಿದ್ದ ಬೆಂಗಳೂರು 2011ರ ಜನಗಣತಿಯಲ್ಲಿ 84 ಲಕ್ಷ ದಾಟಿತ್ತು. ಸರಿ, ಆದರೆ ಆ ಬೆಳವಣಿಗೆಯ ಬಹುಪಾಲು ನಡೆದದ್ದು ಹೊರವಲಯದಲ್ಲಿ. ಪೇಟೆ ಆಗಲೇ ಕಿಕ್ಕಿರಿದಿತ್ತು, ಪ್ಲೇಗಿನ ಕಾಲಕ್ಕೇ ಕಿಕ್ಕಿರಿದಿತ್ತು. ಪೇಟೆಯಲ್ಲಿ ಹೊಸದಾಗಿ ಬಂದು ಕೂತದ್ದು ಎಂಜಿನ್. ನಗರದಲ್ಲಿ ನೋಂದಣಿಯಾದ ವಾಹನಗಳು ಈಗ ಒಂದು ಕೋಟಿಗೂ ಮೇಲೆ. ಅವೆನ್ಯೂ ರಸ್ತೆಯಂಥ ಕಿರಿದಾದ ಬೀದಿಯಲ್ಲಿ, ಎರಡೂ ಕಡೆ ಒತ್ತಿ ನಿಂತ ಕಟ್ಟಡಗಳ ನಡುವೆ, ಸರಕು ಆಟೊ ಒಂದರ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಹಿಂದಿರುಗುತ್ತದೆ. ನೂರು ಹಮಾಲಿಗಳ ಕೂಗಿನಲ್ಲಿ ತೆರಪು ಇರುತ್ತದೆ, ಹತ್ತು ಎಂಜಿನ್‌ಗಳ ಸದ್ದಿನಲ್ಲಿ ಇರುವುದಿಲ್ಲ. ಮಾರುಕಟ್ಟೆಯ ನೆತ್ತಿಯ ಮೇಲೆ 1990ರ ದಶಕದ ಕೊನೆಗೆ ಮೈಸೂರು ರಸ್ತೆಯ ಮೇಲ್ಸೇತುವೆ ಹಾಕಿದೆವು. ಹೂವು ಕೊಳ್ಳಲಿಕ್ಕೂ ಅಲ್ಲ, ಮಾರಲಿಕ್ಕೂ ಅಲ್ಲದ ವಾಹನಗಳ ಸದ್ದೂ ಅಲ್ಲಿಂದ ಪೇಟೆಯ ಮೇಲೆ ಬೀಳತೊಡಗಿತು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಈ ವಾದವನ್ನು ಪರೀಕ್ಷೆಗೆ ಒಡ್ಡುವ ಅವಕಾಶ ಬೇಡದೆಯೇ ಒದಗಿತು. ವಾಹನಗಳೂ ನಿಂತವು, ಮಾರುಕಟ್ಟೆಯೂ ಮುಚ್ಚಿತು. ಎಂ.ಜಿ. ರಸ್ತೆಯಲ್ಲಿ ಹಕ್ಕಿಯ ದನಿ ಕೇಳಿತೆಂದು ಜನ ವಿಡಿಯೊ ಹಂಚಿಕೊಂಡರು. ಅದೇ ದಿನಗಳಲ್ಲಿ ಬೆಂಗಳೂರು ಸುತ್ತಲಿನ ಜಿಲ್ಲೆಗಳ ರೈತರು ಕೊಳ್ಳುವವರಿಲ್ಲದೆ ಹೂವನ್ನು ತಿಪ್ಪೆಗೆ ಸುರಿದರು, ಕೆಲವರು ಗಿಡದ ಮೇಲೆಯೇ ಟ್ರ್ಯಾಕ್ಟರ್ ಹರಿಸಿದರು. ಪೇಟೆಯ ಕೂಲಿಗಳು ನಡೆದು ಊರು ಸೇರಿಕೊಂಡರು. ನಡುಪೇಟೆ ಪೂರ್ತಿ ಮೌನವಾದ ದಿನಗಳೆಂದರೆ ಅವೇ. ಆ ಬೆಳಗುಗಳು ಮರಳಿ ಬರಲಿ ಎಂದು ಪೇಟೆಯಲ್ಲಿ ಬದುಕುವ ಯಾರೂ ಹಾರೈಸಲಾರರು. ವಾಹನ ನಿಂತು ಮಾರುಕಟ್ಟೆ ನಡೆದ ಬೆಳಗೊಂದನ್ನು ನಾವು ಇನ್ನೂ ಮಾಡಿ ನೋಡಿಲ್ಲ.

ಕಾನೂನು ಇಲ್ಲಿ ಏನು ಹೇಳುತ್ತದೆ ಎಂಬುದೂ ಕುತೂಹಲಕರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗ್ಗೆ ಆರು. ವಾಣಿಜ್ಯ ಪ್ರದೇಶಕ್ಕೆ ಹಗಲು 65 ಡೆಸಿಬೆಲ್, ರಾತ್ರಿ 55. ಆಸ್ಪತ್ರೆಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು, ಅಲ್ಲಿ ರಾತ್ರಿ 40. ಕೆ.ಆರ್. ಮಾರುಕಟ್ಟೆಯ ಎದುರಿಗೇ 1900ರಿಂದ ವಿಕ್ಟೋರಿಯಾ ಆಸ್ಪತ್ರೆ ಇದೆ, ಅದಕ್ಕೆ ಅಂಟಿಕೊಂಡೇ ವಾಣಿವಿಲಾಸ. ಹೀಗಾಗಿ ಪೇಟೆಯ ದುಡಿಮೆಯ ಮುಖ್ಯ ಹೊತ್ತೆಲ್ಲ ಕಾನೂನಿನ ಕಣ್ಣಿಗೆ ನಿದ್ದೆಯ ಹೊತ್ತು. ಅದೇ ವೇಳೆ ಹಗಲಿನ ಸಂಚಾರ ಸುಗಮವಾಗಲೆಂದು ಭಾರಿ ಲಾರಿಗಳನ್ನು ರಾತ್ರಿಗೆ ತಳ್ಳುವ ನಿರ್ಬಂಧವೂ ಇದೆ. ಹಗಲು ಬರಬೇಡ ಎನ್ನುತ್ತದೆ ಒಂದು ಆದೇಶ, ರಾತ್ರಿ ಸದ್ದು ಮಾಡಬೇಡ ಎನ್ನುತ್ತದೆ ಇನ್ನೊಂದು. ಕಾರಿನವರ ಹಗಲಿಗೆ ಅನುಕೂಲ ಮಾಡಲು ಪೇಟೆಯವರ ರಾತ್ರಿಯನ್ನು ಖರ್ಚು ಮಾಡಿದ್ದೇವೆ ಎನ್ನುವುದೇ ಇದರ ನೇರ ಅರ್ಥ.

ಹಾಗಾದರೆ ಮಾರುಕಟ್ಟೆಯನ್ನೇ ಊರಾಚೆ ಒಯ್ದರಾಯಿತಲ್ಲ ಎನ್ನುವುದು ಎಲ್ಲ ಕಾಲದ ಸುಲಭ ಉತ್ತರ. ಲಾರಿಯಲ್ಲಿ ಬಂದು ಲಾರಿಯಲ್ಲೇ ಹೋಗುವ ಸಗಟು ಮಾಲಿಗೆ ಈ ಮಾತು ಒಪ್ಪುತ್ತದೆ, ಅದನ್ನು ಅಲ್ಲಗಳೆಯಲಾರೆ. ತರಕಾರಿ, ಈರುಳ್ಳಿ ಸಗಟಿಗೆ ಸಿಂಗೇನ ಅಗ್ರಹಾರ, ದಾಸನಪುರಗಳಲ್ಲಿ ಜಾಗ ಮಾಡಿದ್ದರ ಹಿಂದೆ ಇರುವುದು ಇದೇ ತರ್ಕ. ಹೂವಿನ ಮಾತು ಬೇರೆ. ಅದನ್ನು ಕೊಳ್ಳಲು ಬರುವವರಲ್ಲಿ ಬಹುಪಾಲು ಒಂದು ಬುಟ್ಟಿ, ಒಂದು ಚೀಲದ ವ್ಯಾಪಾರಿಗಳು, ಅದರಲ್ಲೂ ಹೆಂಗಸರು. ಮೊದಲ ಬಸ್ಸಿಗೆ ಬಂದು, ಕೊಂಡು, ಇನ್ನೊಂದು ಬಸ್ಸಿನಲ್ಲಿ ಹೋಗಿ ತಮ್ಮ ಬೀದಿಯ ತಿರುವಿನಲ್ಲಿ ಕೂತು ಕಟ್ಟುತ್ತಾರೆ. ಎಲ್ಲ ದಿಕ್ಕಿನ ಬಸ್ಸೂ ಸಿಗುವ ಜಾಗ ಇದೊಂದೇ ಆದ್ದರಿಂದ ಈ ಕಸುಬು ನಡೆದಿದೆ. 2017ರಲ್ಲಿ ಮಾರುಕಟ್ಟೆಗೂ ಚಿಕ್ಕಪೇಟೆಗೂ ಮೆಟ್ರೊ ಬಂತು, ಒಳ್ಳೆಯದೇ ಆಯಿತು, ಆದರೆ ಅದರ ಮೊದಲ ರೈಲು ಹೊರಡುವಷ್ಟರಲ್ಲಿ ಹೂವಿನ ಮೊದಲ ಸುತ್ತು ಮುಗಿದಿರುತ್ತದೆ. ಪೇಟೆಯಲ್ಲಿ ಮಲಗುವವರ ನಿದ್ದೆಗೆ ಹಕ್ಕಿಲ್ಲವೇ ಎಂದರೆ ಖಂಡಿತ ಇದೆ. ಅವರ ನಿದ್ದೆ ಕೆಡಿಸುವುದು ಯಾವುದು ಎಂದು ಅಳೆದು ನೋಡಿ ಆಮೇಲೆ ತೀರ್ಮಾನ ಮಾಡಬೇಕು, ಅಷ್ಟೇ.

ನಾವು ಇದುವರೆಗೆ ಪ್ರಯೋಗ ಮಾಡಿದ್ದು ಎಲ್ಲಿ? ಕಬ್ಬನ್ ಪಾರ್ಕಿನೊಳಗೆ ಭಾನುವಾರ ವಾಹನ ನಿಲ್ಲಿಸಿದೆವು. ಚರ್ಚ್ ಸ್ಟ್ರೀಟಿಗೆ ಕಲ್ಲುಹಾಸು ಹಾಕಿ, 2020ರ ಕೊನೆಯಲ್ಲಿ ಕೆಲವು ತಿಂಗಳು ವಾರಾಂತ್ಯದಲ್ಲಿ ಅದನ್ನು ನಡೆಯುವವರಿಗೇ ಬಿಟ್ಟುಕೊಟ್ಟೆವು. ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಭವನ ಇರುವುದೂ ಅದೇ ಬೀದಿಯಲ್ಲಿ. ಒಳ್ಳೆಯ ಕೆಲಸಗಳೇ, ತಕರಾರಿಲ್ಲ. ಆದರೆ ಹಿಂದೆಯೂ ಮೌನ ಇದ್ದ ಭಾಗಕ್ಕೇ ಈಗಲೂ ಮೌನ ಹಂಚಿಕೆಯಾಗಿದೆ. ದಂಡಿನ ಕಾಲದ ಏರ್ಪಾಡು ಮುಗಿದಿಲ್ಲ. ದೊಡ್ಡಪೇಟೆ, ಚಿಕ್ಕಪೇಟೆ ಮತ್ತು ಮಾರುಕಟ್ಟೆಯ ಸುತ್ತ ಬೆಳಗಿನ ಮೂರರಿಂದ ಏಳರವರೆಗೆ, ಸರಕು ತರುವ ಗಾಡಿ ಮತ್ತು ಬಸ್ಸು, ಆಂಬುಲೆನ್ಸ್ ಬಿಟ್ಟು ಉಳಿದ ವಾಹನಗಳನ್ನು ಒಂದು ತಿಂಗಳು ನಿಲ್ಲಿಸಿ, ವಿಕ್ಟೋರಿಯಾ ಆಸ್ಪತ್ರೆಯ ಗೇಟಿನ ಬಳಿ ಒಂದು ಶಬ್ದಮಾಪಕ ಇಡಲಿ. ಪೊಲೀಸರು, ಪಾಲಿಕೆ, ಮಂಡಳಿ ಮೂವರೂ ಒಟ್ಟಿಗೆ ಕೂತರೆ ಇದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಹಣವೂ ಬೇಡ. ಆ ಮಾಪಕದ ಅಂಕಿಗಳು ಕೈಗೆ ಬರುವ ತನಕ ಹೂವಿನವರನ್ನು ಊರಾಚೆ ಕಳಿಸುವ ಮಾತು ಯಾರೂ ಎತ್ತಬಾರದು.